ಎಡಗಡೆಯ ಹೂವು

ತೊರೆಕೊಪ್ಪ ಹೊಸ ಕಾಲೋನಿ, ಜಾವಗಲ್ ಅಂಚೆ
೯ ಆಗಸ್ಟ್ ೨೦೦೧

ಕಮಲಾಕ್ಷಿಗೆ ಸುಮಿತ್ರಮ್ಮನ ಆಶೀರ್ವಾದ.

ಕಾಗದದ ತಲೆ ಮೇಲೆ ‘ಶ್ರೀ ಕಲ್ಲೇಶ್ವರ ಪ್ರಸನ್ನ’ ಅಂತ ಬರೆಯೋಕೆ ಹೋಗಿ ಪೆನ್ನು ನಿಲ್ಲಿಸಿದೆ. ಅದಕ್ಕೇ ಅಲ್ಲಿ ಖಾಲಿ ಬಿಟ್ಟಿದ್ದೀನಿ. ಅಣೆಕಟ್ಟೆಯ ನೀರು ಊರಿಗೆ ಬಂತು ಕಣೇ.

ಒಂದೂವರೆ ವರ್ಷದಿಂದ ನಿನಗೂ ನನಗೂ ಕಾಗದವಿಲ್ಲ. ಒಂದೇ ಮನೆಗೆ ಸೊಸೆಯರಾಗಿ ಬಂದು ಒಂದೇ ಒಲೆ ಊದಿದವರು ನಾವು. ಅಣ್ಣತಮ್ಮ ಮಾತು ಬಿಟ್ಟರೆ ವಾರಗಿತ್ತಿಯರೂ ಬಿಡಬೇಕು ಅಂತ ಯಾರೂ ಹೇಳಲಿಲ್ಲ. ಆದರೂ ಬಿಟ್ಟೆವು. ಇವತ್ತು ಬರೆಯುತ್ತಿರೋದು, ಇದನ್ನ ಹೇಳೋಕೆ ನನಗೆ ಇನ್ಯಾರೂ ಇಲ್ಲ ಅಂತ.

ಹೋದ ಸೋಮವಾರ ಇವರ ಜೊತೆ ಊರಿಗೆ ಹೋಗಿದ್ದೆ. ಊರಿಗೆ ಅಂತ ಬಾಯಿ ತಪ್ಪಿ ಬಂತು. ಬೇಲೂರಿನ ತನಕ ಬಸ್ಸು, ಆಮೇಲೆ ಆಟೋ, ಆಮೇಲೆ ನಡಿಗೆ. ದಿಬ್ಬ ಹತ್ತಿ ನಿಂತರೆ ಕೆಳಗೆ ನಮ್ಮ ಬೀದಿ ಇಲ್ಲ, ಕಟ್ಟೆ ಇಲ್ಲ, ಬಾವಿ ಇಲ್ಲ. ಬಗ್ಗಡದ ನೀರು. ಅದರ ನಡುವೆ ಗುಡಿಯ ನೆತ್ತಿ ಮೇಲಿನ ಕಲ್ಲಿನ ಕಳಸ ಒಂದು ಗೇಣಿನಷ್ಟು ಕಾಣುತ್ತಿತ್ತು. ಅದರ ಮೇಲೊಂದು ಬೆಳ್ಳಕ್ಕಿ ಕೂತಿತ್ತು. ಇವರು ಚಪ್ಪಲಿ ಬಿಟ್ಟು, ಅಂಗಿ ಬಿಚ್ಚಿ, ಅಲ್ಲೇ ಕೆಸರಲ್ಲಿ ಅಡ್ಡಬಿದ್ದರು. ಮೀನು ಹಿಡಿಯೋ ಕೆಂಚಯ್ಯ ಅಲ್ಲೇ ಬಲೆ ಬಿಡಿಸುತ್ತಾ ಇದ್ದ. ‘ಅಯ್ನೋರೆ, ಕಣ್ತುಂಬ ನೋಡ್ಕಳಿ, ಬರೋ ವಾರ ಬಂದ್ರೆ ಅದೂ ಇರಾಕಿಲ್ಲ’ ಅಂದ.

ಲಿಂಗ ಎತ್ತೋಕೆ ಹೊರಟ ಅವತ್ತಿನ ದಿನವನ್ನೇ ಕೂತರೂ ನಿಂತರೂ ನೆನೆಯುತ್ತೀನಿ. ನೀನು ಹೊರಗೆ, ಬಂದವರಿಗೆ ಅಡುಗೆ ನೋಡುತ್ತಿದ್ದೆ. ಗುಡಿಯೊಳಗೆ ನಡೆದದ್ದು ನಿನಗೆ ಜನರ ಬಾಯಿಂದ ಗೊತ್ತು, ಅಷ್ಟೆ. ಇಂದುಧರ ಈ ಕಾಲೋನಿಯಲ್ಲಿ ಗುಡಿಗೆ ಜಾಗ ಅಳೆಸಿ, ದಪ್ಪ ಹಗ್ಗ ತಂದು, ಲಿಂಗ ಎತ್ತೋಕೆ ನಾಲ್ಕು ಆಳು ಕರೆತಂದಿದ್ದ. ದೇವರನ್ನ ಕೇಳದೆ ಎತ್ತಬಾರದು ಅಂತ ಊರ ಯಜಮಾನರು ಷಡಕ್ಷರಪ್ಪನವರು ಪಟ್ಟು ಹಿಡಿದರು. ಸರಿ, ಹೂವು ಕೇಳಿದೆವು. ಲಿಂಗದ ಆ ಕಡೆಗೊಂದು ಈ ಕಡೆಗೊಂದು ಕಣಗಿಲೆ ಹೂವು ನೀರಲ್ಲಿ ಅದ್ದಿ ಅಂಟಿಸಿ, ‘ನಮ್ಮ ಜೊತೆ ಬರ್ತೀಯೇನಪ್ಪಾ’ ಅಂತ ಇವರು ಕೈಮುಗಿದರು. ಬಲಗಡೆಯದು ಬಿದ್ದರೆ ಬರುತ್ತೀನಿ ಅಂತ. ಎಡಗಡೆಯದು ಬಿದ್ದರೆ ಬರಲ್ಲ ಅಂತ.

ಎಡಗಡೆಯದು ಬಿತ್ತು.

‘ಹೂವು ಇವತ್ತಲ್ಲ ನಾಳೆ ಬೀಳ್ತದೆ, ಕಲ್ಲು ತಾನಾಗಿ ಏಳ್ತದಾ? ಹಗ್ಗ ಹಾಕ್ರೋ’ ಅಂದ ಇಂದುಧರ. ಷಡಕ್ಷರಪ್ಪನವರು ಕೋಲು ಎತ್ತಿದರು. ಇವರು ಅಡ್ಡ ನಿಂತು, ‘ಅವನು ಬೇಡ ಅಂದ ಮೇಲೂ ಮುಟ್ಟಿದರೆ ನೀನು ನನ್ನ ತಮ್ಮನೇ ಅಲ್ಲ’ ಅಂದರು. ಸಾಯಂಕಾಲಕ್ಕೆ ನಿಮ್ಮ ಪಾತ್ರೆಪಡಗ ಗಾಡಿ ಹತ್ತಿತ್ತು. ಎರಡು ತಿಂಗಳಿಗೆ ಇಡೀ ಊರೂ ಗಾಡಿ ಹತ್ತಿತು.

ಬಿದ್ದ ಹೂವನ್ನ ಇವರು ಅತ್ತೆಯ ಬೆಳ್ಳಿ ಕರಡಿಗೆಯಲ್ಲಿ ಇಟ್ಟುಕೊಂಡಿದ್ದಾರೆ. ಒಣಗಿ ಹುಣಸೆ ಸಿಪ್ಪೆಯ ಹಾಗಾಗಿದೆ. ಕಲ್ಲೇಶ್ವರ ಆಡಿದ ಕೊನೆಯ ಮಾತು ಅದು ಅಂತ. ಈಗ ಅದಕ್ಕೇ ವಿಭೂತಿ, ಅದಕ್ಕೇ ದೀಪ, ಅದಕ್ಕೇ ಎಡೆ. ಎಡೆಗೆ ಅನ್ನ ಬೇಯಿಸೋಳು ನಾನು.

ಇಂದುಧರನಿಗೆ ಹೇಳೋದು ಬಿಡೋದು ನಿನಗೆ ಬಿಟ್ಟದ್ದು.

ನಿನ್ನ ಅಕ್ಕ
ಸುಮಿತ್ರಮ್ಮ


ಅರಸೀಕೆರೆ
೨ ಸೆಪ್ಟೆಂಬರ್ ೨೦೦೧

ಅಕ್ಕನಿಗೆ ಕಮಲಾಕ್ಷಿಯ ನಮಸ್ಕಾರ.

ಇನ್ನು ಮೇಲೆ ಮಂಡಿಯ ವಿಳಾಸಕ್ಕೆ ಹಾಕಬೇಡ, ಮನೆಗೇ ಬರಿ. ಈ ಸಲ ಕಾಗದ ಇವರ ಕೈಗೇ ಸಿಕ್ಕಿತು. ಅಕ್ಷರ ನೋಡಿದ ಕೂಡಲೇ ಗುರುತು ಹಿಡಿದರು. ಒಡೆಯದೆ ತಂದು ನನ್ನ ಮುಂದೆ ಇಟ್ಟು, ಹರಿದ ಚೀಲ ಹೊಲಿಯೋಕೆ ಕೂತರು. ಓದಿ ಹೇಳು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಗಟ್ಟಿಯಾಗಿಯೇ ಓದಿದೆ. ಕಳಸದ ಮೇಲೆ ಬೆಳ್ಳಕ್ಕಿ ಕೂತಿತ್ತು ಅನ್ನೋ ಕಡೆ ಸೂಜಿ ನಿಂತಿತು. ಮತ್ತೆ ಹೊಲಿದರು.

ದೇವರು ಹೇಗಿದ್ದಾನೆ, ಭಾವ ಹೇಗಿದ್ದಾರೆ ಅಂತೆಲ್ಲಾ ಬರೆದೆ. ನೀವು ಹೇಗಿದ್ದೀರಿ ಅಂತ ಒಂದು ಮಾತು ಕೇಳಲಿಲ್ಲವಲ್ಲ! ನಾನೇ ಹೇಳುತ್ತೀನಿ. ಕೊಬ್ಬರಿ ಮಂಡಿಯಲ್ಲಿ ತೂಕ ಹಾಕೋ ಕೆಲಸ. ಬೆಳಿಗ್ಗೆ ಹೋದರೆ ಸಂಜೆ ಮೈಯೆಲ್ಲಾ ಕೊಬ್ಬರಿ ವಾಸನೆ. ಸೋಮವಾರ ನಾನು ಗುಡಿಗೆ ಹೋದರೆ ಜೊತೆಗೆ ಬರುತ್ತಾರೆ, ಒಳಗೆ ಬರಲ್ಲ. ಯಾಕ್ರೀ ಅಂದರೆ, ‘ಚಪ್ಪಲಿ ಕಾಯೋಕೂ ಒಬ್ಬ ಬೇಕಲ್ಲ’ ಅಂತಾರೆ. ಹೋದ ವೈಶಾಖದಲ್ಲಿ ತೊರೆಕೊಪ್ಪದವರ ಮದುವೆ ಇಲ್ಲೇ ಪಕ್ಕದ ಬೀದಿಯಲ್ಲಿ ನಡೆಯಿತು. ನಮಗೆ ಕರೆಯೋಲೆ ಇಲ್ಲ. ವಾಲಗ ಮಾತ್ರ ಕೇಳಿಸಿತು. ಇವರಿಗೆ ಹೆಸರೇ ಇಟ್ಟಿದ್ದಾರಂತೆ, ಹಗ್ಗದ ಇಂದುಧರ ಅಂತ.

ಆ ಹಗ್ಗ ಇನ್ನೂ ಇದೆ. ಅಟ್ಟದ ಮೇಲೆ. ಆಗಾಗ ಇಳಿಸಿ ಬಿಸಿಲಿಗೆ ಹಾಕಿ ಮತ್ತೆ ಸುತ್ತಿಡುತ್ತಾರೆ. ಈ ಮನೆಯಲ್ಲಿ ಮೂರನೇ ಆಳು ಅಂದರೆ ಅದೇ. ನನಗಿಂತ ಅದಕ್ಕೇ ಉಪಚಾರ ಜಾಸ್ತಿ.

ಬರೆಯುತ್ತಿರು. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನೀನೇನು ಮಾಡಿದೆ ಪಾಪ, ಮೂಲೆಯಲ್ಲಿ ನಿಂತು ಹೂವು ಎತ್ತಿಕೊಟ್ಟೆ ಅಷ್ಟೆ.

ಕಮಲಾಕ್ಷಿ


ಹೊಸ ಕಾಲೋನಿ
೨೬ ನವೆಂಬರ್ ೨೦೦೧

ಕಮಲಾ,

ನಿನ್ನ ಕಾಗದದ ಕೊನೆಯ ಸಾಲು ಓದಿ, ಮಡಚಿ, ಅಕ್ಕಿ ಡಬ್ಬದೊಳಗೆ ಇಟ್ಟೆ. ಅನ್ನಕ್ಕೆ ಅಕ್ಕಿ ತೆಗೆಯುವಾಗಲೆಲ್ಲ ಕೈಗೆ ತಾಗುತ್ತೆ.

ಇವರು ಒಪ್ಪೊತ್ತು ಹಿಡಿದಿದ್ದಾರೆ. ದಿನಕ್ಕೆ ಒಂದೇ ಊಟ, ಅದೂ ಮಧ್ಯಾಹ್ನ ಎರಡಕ್ಕೆ. ಕಲ್ಲೇಶ್ವರ ಯಾಕೆ ಬರಲ್ಲ ಅಂದ ಅನ್ನೋದು ಗೊತ್ತಾಗೋ ತನಕ ಅಂತೆ. ಕೂತಲ್ಲೇ ತಮ್ಮ ತಪ್ಪು ಹುಡುಕುತ್ತಾರೆ. ಹೋದ ವಾರ ಹೇಳಿದರು, ‘ಸುಮಿತ್ರಾ, ಒಂದು ಸಲ ಹಾಲು ಒಡೆದಿತ್ತು. ಗೊತ್ತಿದ್ದೂ ಅಭಿಷೇಕ ಮಾಡಿಬಿಟ್ಟೆ. ಅದಕ್ಕಿರಬಹುದಾ?’

‘ಹಾಲು ಒಡೆದಿದ್ದಕ್ಕೆ ಯಾವ ದೇವರಾದ್ರೂ ನೀರಿಗೆ ಬೀಳ್ತಾನೇನ್ರೀ? ಸುಮ್ಮನೆ ಊಟ ಮಾಡಿ.’

‘ಮತ್ತೆ ಯಾತಕ್ಕೆ?’

ಯಾತಕ್ಕೆ ಅಂತ ನನ್ನನ್ನೇ ಕೇಳುತ್ತಾರೆ ಕಮಲಾ. ಎದುರಿಗೆ ಕೂತು, ಮಗುವಿನ ಹಾಗೆ. ನಾನು ಸಾರು ಬಡಿಸುತ್ತೀನಿ.

ಇಲ್ಲಿ ಮೂರು ಊರಿನವರನ್ನ ತಂದು ಸಾಲಾಗಿ ಇಟ್ಟಿದ್ದಾರೆ. ಉಳಿದ ಎರಡು ಊರಿನವರು ತಮ್ಮ ದೇವರನ್ನ ಲಾರಿಯಲ್ಲಿ ತಂದುಕೊಂಡರು. ನಮಗಿರೋದು ಇಂದುಧರ ಅಳೆಸಿದ ಖಾಲಿ ಜಾಗ, ಮೂಲೆಗೊಂದರಂತೆ ನಾಲ್ಕು ಕಲ್ಲು, ನಡುವೆ ಎಕ್ಕದ ಗಿಡ. ನಲ್ಲಿ ಹತ್ತಿರ ಹೆಂಗಸರು ಆಡಿಕೊಳ್ಳೋರು, ಮುಳುಗಿದ ದೇವರ ಪೂಜಾರಿ ಹೆಂಡತಿ ಬಂದಳು ಅಂತ. ಈಗ ಆಡಿಕೊಳ್ಳಲ್ಲ. ಅದೇ ನನಗೆ ಭಯ. ಷಡಕ್ಷರಪ್ಪನವರ ಮೊಮ್ಮಗಳಿಗೆ ವಾಂತಿ ನಿಲ್ಲದೆ ನಮ್ಮ ಮನೆಗೆ ಎತ್ತಿಕೊಂಡು ಬಂದಿದ್ದರು. ಇವರು ಕರಡಿಗೆಯನ್ನ ಕೂಸಿನ ತಲೆಗೆ ಮುಟ್ಟಿಸಿದರು. ವಾಂತಿ ನಿಂತಿತು. ಔಷಧಿಯೂ ಕುಡಿಸಿದ್ದರು, ಅದನ್ನ ಯಾರೂ ಹೇಳಲ್ಲ. ಈಗ ಸೋಮವಾರ ಬಂದರೆ ನಮ್ಮ ಬಾಗಿಲಲ್ಲಿ ಜನ. ‘ಹೂವಿನಪ್ಪ’ ಅಂತ ಹೆಸರೂ ಬಂದಿದೆ.

ನಿನಗೆ ಒಂದು ಮಾತು ಬರೆಯಬೇಕು ಅಂತ ಕೂತೆ. ಬರೆಯದೆ ಮುಗಿಸುತ್ತಿದ್ದೀನಿ.

ಸುಮಿತ್ರಮ್ಮ


ಹೊಸ ಕಾಲೋನಿ
೧೪ ಮಾರ್ಚ್ ೨೦೦೨

ಕಮಲಾ,

ಶಿವರಾತ್ರಿ ಕಳೆಯಿತು. ಇಡೀ ಕಾಲೋನಿ ನಮ್ಮ ಮನೆ ಮುಂದೆ ಚಾಪೆ ಹಾಸಿ ಕೂತಿತ್ತು. ಇವರು ಕರಡಿಗೆ ತೆಗೆದು ಎಲ್ಲರಿಗೂ ತೋರಿಸಿದರು. ಷಡಕ್ಷರಪ್ಪನವರು, ಎಂಬತ್ತು ವರ್ಷದ ಮನುಷ್ಯ, ಕಣ್ಣಿಗೆ ಒತ್ತಿಕೊಂಡು ಅತ್ತರು. ನಾನು ಆರತಿ ತಟ್ಟೆ ಹಿಡಿದಿದ್ದೆ. ತಟ್ಟೆ ವಾಲಿ ಬತ್ತಿ ನೆಲಕ್ಕೆ ಬಿತ್ತು. ಉಪವಾಸಕ್ಕೆ ತಲೆ ಸುತ್ತಿರಬೇಕು ಅಂದರು ಎಲ್ಲರೂ.

ಇನ್ನು ನನ್ನ ಕೈಲಾಗಲ್ಲ. ಓದಿ ಮುಗಿಸೋ ತನಕ ಹರಿಯಬೇಡ.

ಎಡಗಡೆಯ ಹೂವು ದೇವರು ಕೊಟ್ಟದ್ದಲ್ಲ. ನಾನು ಕೊಟ್ಟದ್ದು.

ಅವತ್ತು ಅಭಿಷೇಕದ ಜೇನುತುಪ್ಪ ಬಟ್ಟಲಿನ ತಳದಲ್ಲಿ ಉಳಿದಿತ್ತು. ಬಲಗಡೆಗೆ ಅಂಟಿಸೋ ಹೂವಿನ ಬೆನ್ನಿಗೆ ಬೆರಳ ತುದಿಯಷ್ಟು ಸವರಿ ಇವರ ಕೈಗೆ ಕೊಟ್ಟೆ. ಎಡಗಡೆಯದಕ್ಕೆ ಬರೀ ನೀರು. ಒಳಗೆ ಕತ್ತಲು, ಇವರ ಕಣ್ಣಲ್ಲಿ ನೀರು, ಅವರಿಗೆ ಗೊತ್ತಾಗಲಿಲ್ಲ. ಬಲಗಡೆಯದು ಬೀಳೋ ಹಾಗೇ ಇರಲಿಲ್ಲ. ಎಡಗಡೆಯದು ಬೀಳದೆ ಬೇರೆ ದಾರಿ ಇರಲಿಲ್ಲ.

ಇಂದುಧರನ ಮೇಲೆ ಹಗೆಗೆ ಮಾಡಿದೆ ಅಂತ ಅಂದುಕೊಳ್ಳಬೇಡ. ಅವನು ಆ ಮಾತು ಆಡ್ತಾನೆ, ಊರು ಅವನ ಮೇಲೆ ಬೀಳುತ್ತೆ ಅಂತ ನನಗೆ ಹೊಳೆಯಲೇ ಇಲ್ಲ. ದೇವರು ಬರಲ್ಲ ಅಂದರೆ ಜನವೂ ಏಳಲ್ಲ ಅಂದುಕೊಂಡೆ. ಜನ ಏಳದಿದ್ದರೆ ನೀರು ಬಿಡಲ್ಲ ಅಂದುಕೊಂಡೆ. ಅದಕ್ಕಿಂತ ಹೆಚ್ಚಾಗಿ, ನೂರಾರು ವರ್ಷದಿಂದ ಅಲ್ಲೇ ಕೂತವನು, ತಾನು ಕೂತ ಜಾಗಕ್ಕೆ ನೀರು ಬರೋಕೆ ಬಿಡುತ್ತಾನಾ? ಅವನ ಬಾಯಲ್ಲಿ ನಾನು ಒಂದು ಮಾತು ಇಟ್ಟರೆ ಸಾಕು, ಉಳಿಸಿಕೊಳ್ಳೋದು ಅವನಿಗೆ ಬಿಟ್ಟದ್ದು ಅಂತ ನಂಬಿದ್ದೆ. ನಂಬಿಕೆ ಇಲ್ಲದವಳಾಗಿದ್ದರೆ ಆ ಕೆಲಸ ಮಾಡುತ್ತಲೇ ಇರಲಿಲ್ಲ ಕಣೇ.

ಇಂದುಧರ ಹೋದ. ಜನ ಎದ್ದರು. ಕಲ್ಲೇಶ್ವರನೊಬ್ಬನನ್ನ ಬಿಟ್ಟು ಬಂದೆವು, ಅವನೇ ಹೇಳಿದ್ದು ಅಂತ.

ಇವರಿಗೆ ಹೇಳಿಲ್ಲ. ಹೇಳಿದರೆ ಏನಾಗ್ತಾರೋ. ಹೇಳದಿದ್ದರೆ ಏನಾಗ್ತಿದ್ದಾರೆ ಅಂತ ದಿನಾ ನೋಡ್ತಿದ್ದೀನಿ. ಅಂಗಿಯ ತೋಳೊಳಗೆ ತೋಳು ಆಡುತ್ತೆ, ಅಷ್ಟು ಸಣ್ಣಗಾಗಿದ್ದಾರೆ.

ಸುಮಿತ್ರಮ್ಮ


ಅರಸೀಕೆರೆ
೨ ಏಪ್ರಿಲ್ ೨೦೦೨

ಸುಮಿತ್ರಮ್ಮನವರಿಗೆ,

ನಿಮ್ಮ ಕಾಗದ ತಲುಪಿತು. ನಾಲ್ಕು ಸಲ ಓದಿದೆ. ಇವರಿಗೆ ಓದಿ ಹೇಳಲಿಲ್ಲ. ಒಲೆಗೆ ಹಾಕಿದೆ.

ನನ್ನ ಗಂಡ ಎರಡು ವರ್ಷದಿಂದ ಗುಡಿಯ ಹೊರಗೆ ನಿಂತು ಚಪ್ಪಲಿ ಕಾಯುತ್ತಿದ್ದಾರೆ. ನಿಮ್ಮ ಬೆರಳ ತುದಿಯಷ್ಟು ಜೇನಿಗೆ.

ಮೊದಲು ಭಾವನವರಿಗೆ ಹೇಳಿ. ಹೇಳಿದ ಮೇಲೆ ನನಗೆ ಬರೆಯಿರಿ. ಅಲ್ಲಿಯವರೆಗೆ ಬೇಡ.

ಕಮಲಾಕ್ಷಮ್ಮ


ಹೊಸ ಕಾಲೋನಿ
೨೦ ಆಗಸ್ಟ್ ೨೦೦೨

ಕಮಲಾ,

ಹೇಳಿದೆ. ನಾಲ್ಕು ತಿಂಗಳು ಹಿಡಿಯಿತು. ಯುಗಾದಿ ಕಳೆಯಲಿ, ಆಷಾಢ ಕಳೆಯಲಿ, ಇವರ ಕೆಮ್ಮು ಕಡಿಮೆಯಾಗಲಿ ಅಂತ ಮುಂದೂಡಿದೆ. ನಿನ್ನೆ ಶ್ರಾವಣ ಸೋಮವಾರ. ಜನ ಎಲ್ಲ ಹೋದ ಮೇಲೆ ಜಗಲಿ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದರು.

‘ಬಲಗಡೆ ಹೂವಿಗೆ ನಾನು ಜೇನು ಹಚ್ಚಿದ್ದೆ’ ಅಂದೆ.

‘ಯಾವತ್ತು?’ ಅಂದರು, ಬತ್ತಿ ಹೊಸೆಯುತ್ತಲೇ.

‘ಅವತ್ತು. ನೀವು ಕೇಳಿದಾಗ. ಅದಕ್ಕೇ ಎಡಗಡೆಯದು ಬಿದ್ದದ್ದು.’

ಈಗ ಹೊಡೆಯುತ್ತಾರೆ ಅಂತ ಕಾದೆ. ಹೊಡೆದಿದ್ದರೆ ಚೆನ್ನಾಗಿತ್ತು. ನನ್ನ ಮುಖ ನೋಡಿ ನಕ್ಕರು ಕಣೇ. ಎಷ್ಟು ದಿನದ ಮೇಲೆ ನಕ್ಕರೋ. ‘ನನ್ನ ಒಪ್ಪೊತ್ತು ಬಿಡಿಸೋಕೆ ಇಷ್ಟು ದೊಡ್ಡ ಸುಳ್ಳು ಹೇಳ್ತೀಯೇನೇ?’

‘ಸುಳ್ಳಲ್ಲ, ಆಣೆ.’

‘ಯಾರ ಮೇಲೆ?’

ಕಲ್ಲೇಶ್ವರನ ಮೇಲೆ ಅನ್ನೋಕೆ ಬಾಯಿ ತೆರೆದೆ. ಬರಲಿಲ್ಲ. ಅದನ್ನ ನೋಡಿ ಅವರಿಗೆ ಇನ್ನೂ ಖಾತ್ರಿಯಾಯಿತು. ‘ನೋಡು, ಅವನ ಹೆಸರೆತ್ತಿ ಸುಳ್ಳಾಡೋಕೆ ನಿನ್ನ ನಾಲಿಗೆ ಏಳಲ್ಲ. ಮೂವತ್ತು ವರ್ಷ ನೋಡಿದ್ದೀನಿ. ಗುಡಿಯೊಳಗೆ ತಲೆ ಎತ್ತಿ ಮಾತಾಡದೋಳು ನೀನು. ನಿನ್ನ ಕೈ ಅಂಥದ್ದು ಮಾಡುತ್ತಾ?’

ನನ್ನ ಭಕ್ತಿಯೇ ನನಗೆ ಎದುರು ಸಾಕ್ಷಿ ಹೇಳಿತು.

ಬಿಡಲಿಲ್ಲ ನಾನು. ಒಳಗಿಂದ ಜೇನು ತಂದೆ, ಹಿತ್ತಲಿಂದ ಎರಡು ಕಣಗಿಲೆ ತಂದೆ. ರುಬ್ಬೋ ಗುಂಡು ತೊಳೆದು ನಿಲ್ಲಿಸಿ, ಬಲಕ್ಕೆ ಜೇನು ಹಚ್ಚಿ, ಎಡಕ್ಕೆ ನೀರು ಹಚ್ಚಿ ಅಂಟಿಸಿದೆ. ಇಬ್ಬರೂ ಅದರ ಮುಂದೆ ಕೂತೆವು, ಐವತ್ತು ವರ್ಷದ ನಾನು, ಅರವತ್ತರ ಅವರು, ರುಬ್ಬೋ ಗುಂಡಿನ ಮುಂದೆ. ಸ್ವಲ್ಪ ಹೊತ್ತಿಗೆ ಎಡಗಡೆಯದು ಬಿತ್ತು. ಬಲಗಡೆಯದು ಹಾಗೇ ಇತ್ತು.

‘ನೋಡಿದ್ರಾ?’ ಅಂದೆ.

‘ನೋಡಿದೆ. ರುಬ್ಬೋ ಗುಂಡು ದೇವರಾ?’ ಅಂದು ಬತ್ತಿ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಹೋಗುವಾಗ ನನ್ನ ತಲೆ ಮುಟ್ಟಿ, ‘ನನಗೋಸ್ಕರ ಪಾಪ ಹೊರೋಕೂ ಹೊರಟೆಯಲ್ಲೇ’ ಅಂದರು.

ಒಪ್ಪೊತ್ತು ನಡೆದೇ ಇದೆ. ಬರೆಯಿರಿ ಅಂದಿದ್ದೆಯಲ್ಲ, ಬರೆದೆ.

ಸುಮಿತ್ರಮ್ಮ


ಅರಸೀಕೆರೆ
೪ ಮೇ ೨೦೦೩

ಅಕ್ಕ,

ನಿನ್ನ ಕಾಗದಕ್ಕೆ ಎಂಟು ತಿಂಗಳು ಉತ್ತರ ಬರೆಯಲಿಲ್ಲ. ರುಬ್ಬೋ ಗುಂಡಿನ ವಿಷಯ ಓದಿ ನಗು ಬಂತು. ನಗುತ್ತಾ ಇದ್ದ ಹಾಗೇ ಸೆರಗು ಒದ್ದೆಯಾಯಿತು. ಆಮೇಲೆ ಏನು ಬರೆಯೋದು ಅಂತ ತೋಚಲಿಲ್ಲ.

ಮೊನ್ನೆ ಮಂಡಿಗೆ ಬೇಲೂರು ಕಡೆಯಿಂದ ಕಾಯಿ ತಂದವರು ಹೇಳಿದರಂತೆ, ಮಳೆ ಇಲ್ಲದೆ ನೀರು ಪೂರ್ತಿ ಇಳಿದುಹೋಗಿದೆ, ತೊರೆಕೊಪ್ಪದ ಗುಡಿಗೆ ಜನ ನಡೆದುಕೊಂಡು ಹೋಗಿ ಬರ್ತಿದ್ದಾರೆ ಅಂತ. ಇವರು ತಕ್ಕಡಿ ಬಿಟ್ಟು ಮಧ್ಯಾಹ್ನವೇ ಮನೆಗೆ ಬಂದರು. ಅವರ ಮುಖ ನೋಡಿದ ಮೇಲೆ ಮುಚ್ಚಿಡೋಕೆ ಆಗಲಿಲ್ಲ. ಹೇಳಿಬಿಟ್ಟೆ, ಜೇನಿನ ವಿಷಯ ಎಲ್ಲ.

ತಟ್ಟೆ ಸರಿಸಿ ಕೈ ತೊಳೆದರು. ಕೂಗಾಡುತ್ತಾರೆ ಅಂದುಕೊಂಡಿದ್ದೆ. ‘ಅತ್ತಿಗೆ ಹಾಗೆ ಮಾಡಿದ್ರು ಅಂದ್ರೆ ನಾನು ನಂಬ್ತೀನಿ’ ಅಂದರು. ‘ಅಣ್ಣನಿಗಿಂತ ಅವರಿಗೇ ಆ ಕಲ್ಲಿನ ಮೇಲೆ ಪ್ರಾಣ.’ ಆಮೇಲೆ ಅಟ್ಟಕ್ಕೆ ಏಣಿ ಹಾಕಿದರು.

ಹನ್ನೆರಡನೇ ತಾರೀಕು ಸೋಮವಾರ ನಾಲ್ಕು ಆಳು ಕರೆದುಕೊಂಡು ಬರುತ್ತಾರೆ. ಭಾವನನ್ನ ಕರೆದುಕೊಂಡು ಅಲ್ಲಿಗೆ ಬಾ. ಮಳೆ ಹಿಡಿಯೋ ಮುಂಚೆ ಎತ್ತಬೇಕು, ಇದು ಬಿಟ್ಟರೆ ಇನ್ನು ನಮ್ಮ ಆಯಸ್ಸಲ್ಲಿ ಇಲ್ಲ ಅಂತ ಹೇಳು ಅಂದಿದ್ದಾರೆ. ನನಗೆ ಕಾಲು ಉಳುಕಿ ಊದಿದೆ, ಬರೋ ಹಾಗಿಲ್ಲ. ನಡೆದದ್ದನ್ನ ನಡೆದ ಹಾಗೆ ನೀನು ಬರಿ. ಇವರು ಬಂದು ಬಾಯಿ ಬಿಡಲ್ಲ.

ನಿನ್ನ ಕಮಲಾಕ್ಷಿ


ಹೊಸ ಕಾಲೋನಿ
೧೬ ಮೇ ೨೦೦೩

ಕಮಲಾ,

ಹಗ್ಗ ಎಲ್ಲಿ ಅಂತ ನೀನು ಕೇಳಿರುತ್ತೀಯ, ಇಂದುಧರ ಹೇಳಿರಲ್ಲ. ಮೊದಲಿಂದ ಬರೆಯುತ್ತೀನಿ.

ಬಸ್ಸಿನಲ್ಲಿ ಇವರು ಕರಡಿಗೆಯನ್ನ ಎದೆಗೆ ಒತ್ತಿಕೊಂಡು ಕೂತಿದ್ದರು. ಬಸ್ತಿಹಳ್ಳಿ ದಾಟುವಾಗ ಬಸದಿ ನೋಡಿ, ‘ಎಲ್ಲರ ಮನೆ ದೇವರೂ ಅವರವರ ಜಾಗದಲ್ಲೇ ಇದ್ದಾರೆ’ ಅಂದರು. ಷಡಕ್ಷರಪ್ಪನವರೂ ಕಾಲೋನಿಯ ಹತ್ತು ಜನವೂ ಅದೇ ಬಸ್ಸಿನಲ್ಲಿದ್ದರು.

ನೆಲ ಬಿಸಿಲಿಗೆ ಒಡೆದು ಹೆಂಚಿನ ಹಾಗಾಗಿತ್ತು. ನಮ್ಮ ಮನೆಯ ಹೊಸಿಲು ಕಲ್ಲು ಸಿಕ್ಕಿತು, ದಾಟಿದೆ. ಗುಡಿ ನಿಂತಿದೆ ಕಮಲಾ, ಒಂದು ಕಂಬವೂ ಬಿದ್ದಿಲ್ಲ. ಆದರೆ ಗೋಡೆಯ ಮೇಲಿನ ಬೊಂಬೆಗಳಿಗೆಲ್ಲ ಮುಖದ ಮೇಲೆ ಒಂದು ಪದರ ಮಣ್ಣು. ಬಸವಣ್ಣನ ಕಿವಿಯೊಳಗೆ ಬಸವನಹುಳದ ಚಿಪ್ಪು. ಒಳಗೆ ಮೀನಿನ ವಾಸನೆ. ಲಿಂಗ ಅರ್ಧಕ್ಕೆ ಹೂಳಲ್ಲಿ ಹುದುಗಿತ್ತು.

ಇಂದುಧರ ಮೊದಲೇ ಬಂದು ಹೂಳು ತೆಗೆಸುತ್ತಿದ್ದ. ಅಣ್ಣತಮ್ಮ ಎದುರುಬದುರು ನಿಂತರು.

‘ಸಣ್ಣಗಾಗಿದ್ದೀಯ ಅಣ್ಣ.’

‘ನಿನಗೂ ತಲೆ ನರೆತಿದೆ.’

ಮೂರು ವರ್ಷಕ್ಕೆ ಇಷ್ಟೇ ಮಾತು. ಆಮೇಲೆ ಇಬ್ಬರೂ ಬಗ್ಗಿ ಕೈಯಲ್ಲೇ ಹೂಳು ಬಾಚಿದರು. ನಾನು ಕ್ಯಾನಿನಲ್ಲಿ ತಂದ ನೀರಿಂದ ತೊಳೆದೆ. ತೊಳೆದು ಮುಗಿಸಿ ಎದ್ದು ನಿಂತು, ಎಲ್ಲರ ಎದುರಿಗೂ ಹೇಳಿದೆ. ಅವತ್ತು ಕಲ್ಲೇಶ್ವರ ಬರಲ್ಲ ಅನ್ನಲಿಲ್ಲ, ಹಾಗೆ ಅನ್ನಿಸಿದೋಳು ನಾನು, ಬಲಗಡೆಗೆ ಜೇನು ಹಚ್ಚಿದ್ದೆ ಅಂತ. ಗುಡಿಯೊಳಗೆ ದನಿ ದೊಡ್ಡದಾಗಿ ಕೇಳಿಸಿತು.

ಷಡಕ್ಷರಪ್ಪನವರು, ‘ಜಯದೇವಪ್ಪ, ನಿಮ್ಮನೆಯೋರಿಗೆ ಬಿಸಿಲು ತಲೆಗೆ ಹತ್ತೈತೆ, ನೆಳ್ಳಾಗೆ ಕೂರ್ಸಿ’ ಅಂದರು. ಕಾಲೋನಿಯ ಹೆಂಗಸೊಬ್ಬಳು ಬಂದು ಸೆರಗಲ್ಲಿ ಗಾಳಿ ಹಾಕಿದಳು.

ಇಂದುಧರ ಮಾತ್ರ, ‘ನಾನು ನಂಬ್ತೀನಿ’ ಅಂದ.

‘ಹಾಗಾದ್ರೆ ಹಗ್ಗ ಹಾಕಪ್ಪ. ಏನೂ ಕೇಳಬೇಡ. ಕೇಳಿ ಕೇಳಿಯೇ ಹೀಗಾದದ್ದು’ ಅಂದೆ. ಅವನ ಕೈ ಹಿಡಿದುಕೊಂಡೆ, ಮೈದುನ ಅಂತಲೂ ನೋಡಲಿಲ್ಲ.

ಹಾಕಿದ. ಒಂದು ಸುತ್ತು, ಎರಡು ಸುತ್ತು. ಗಂಟು ಬಿಗಿದ. ಆಳುಗಳು ತುದಿ ಹಿಡಿದರು. ‘ಎಳೀರಿ’ ಅನ್ನೋ ಮಾತು ಒಂದೇ ಬಾಕಿ. ಅವನ ಬಾಯಿಂದ ಅದು ಬರಲಿಲ್ಲ.

‘ಆಗಲ್ಲ ಅತ್ತಿಗೆ. ಮೂರು ವರ್ಷದಿಂದ ಗುಡಿ ಬಾಗಿಲು ದಾಟಿಲ್ಲ ನಾನು. ಕೇಳದೆ ಮುಟ್ಟೋಕೆ ಹೋಗಿ ಅನುಭವಿಸಿದ್ದು ಸಾಕು. ಅವತ್ತು ಕೇಳಿದ್ದು ಸುಳ್ಳಾದರೆ ಇವತ್ತು ನಿಜವಾಗಿ ಕೇಳೋಣ. ಒಂದು ಸಲ ಆದ್ರೂ ಸರಿಯಾಗಿ ಕೇಳೋಣ.’

ಹಗ್ಗ ತಂದವನ ಬಾಯಲ್ಲಿ ಈ ಮಾತು! ಯಾರು ಅದನ್ನ ಅವನ ಬಾಯಿಗೆ ತಂದದ್ದು ಅಂತ ನನಗೆ ಗೊತ್ತು.

ಈ ಸಲ ಹೂವನ್ನ ನಾನು ಮುಟ್ಟಲಿಲ್ಲ. ಇವರೇ ಅದ್ದಿ ಅಂಟಿಸಿದರು. ಆಗ ಹನ್ನೊಂದು ಗಂಟೆ. ಕಾದೆವು. ಎರಡು ವರ್ಷ ನೀರೊಳಗಿದ್ದ ಕಲ್ಲು ಒಳಗಿಂದ ಜಿನುಗುತ್ತಲೇ ಇತ್ತು, ಒರೆಸಿದರೂ ಒದ್ದೆ. ಹೂವು ಎರಡೂ ಕಲ್ಲಿನಲ್ಲೇ ಅರಳಿದ ಹಾಗೆ ಕೂತುಬಿಟ್ಟವು. ಹನ್ನೆರಡಾಯಿತು. ಎರಡಾಯಿತು. ಬಲಗಡೆಯದೂ ಬೀಳಲಿಲ್ಲ, ಎಡಗಡೆಯದೂ ಬೀಳಲಿಲ್ಲ.

‘ಬರ್ತೀಯೇನಪ್ಪಾ?’ ಅಂದರು ಇವರು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕೇಳಿದರು. ನಾಲ್ಕು ಗಂಟೆಗೆ ಹಣೆಯನ್ನ ಪೀಠಕ್ಕೆ ಹಚ್ಚಿ, ‘ಬರಲ್ಲ ಅಂತಾದ್ರೂ ಹೇಳು’ ಅಂದರು.

ಹೊತ್ತು ಇಳಿಯಿತು. ಕೊನೇ ಬಸ್ಸಿಗೆ ಹೊತ್ತಾಯಿತು ಅಂತ ಜನ ಒಬ್ಬೊಬ್ಬರೇ ಎದ್ದರು. ಷಡಕ್ಷರಪ್ಪನವರು ಕೋಲೂರಿ ಹೊರಗೆ ಬಂದು, ‘ಒಳಗೆ ಯಾರೂ ಇಲ್ಲ’ ಅಂದರು. ಯಾರನ್ನೂ ಬೈಯಲಿಲ್ಲ. ಇಂದುಧರ ಹಗ್ಗ ಬಿಚ್ಚಲಿಲ್ಲ. ಗಂಟನ್ನ ಒಂದು ಸಲ ಮುಟ್ಟಿ ಕೈ ಬಿಟ್ಟ. ಅದು ಅಲ್ಲೇ ಇದೆ, ಲಿಂಗದ ಸುತ್ತ.

ಮನೆಗೆ ಬಂದು ಇವರು ಕರಡಿಗೆ ತೆಗೆದು ಆ ಒಣಗಿದ ಹೂವನ್ನ ಬಹಳ ಹೊತ್ತು ನೋಡಿದರು. ‘ಅವತ್ತಾದರೂ ಮಾತಾಡಿದ್ದ’ ಅಂದರು.

‘ನಾನು ಮಾಡಿದ್ದು ಅಂತ ಎಲ್ಲರ ಮುಂದೂ ಹೇಳಿದ್ನಲ್ರೀ.’

‘ಆಗಲಿ ಬಿಡು. ಇದನ್ನೂ ಕಿತ್ಕೋಬೇಡ’ ಅಂದರು.

ನಂಬಿದರೋ ಬಿಟ್ಟರೋ ಗೊತ್ತಾಗಲಿಲ್ಲ. ಇವತ್ತೂ ಅದಕ್ಕೆ ಎಡೆ ಆಯಿತು.

ಸುಮಿತ್ರಮ್ಮ


ಹೊಸ ಕಾಲೋನಿ
೨೭ ಫೆಬ್ರವರಿ ೨೦೦೪

ಕಮಲಾ,

ನೀವಿಬ್ಬರೂ ಬಂದು ಇವರಿಗೆ ಮಣ್ಣು ಹಾಕಿ ಹೋದಿರಿ. ಅಣ್ಣನ ಗುಂಡಿಗೆ ಇಂದುಧರನೇ ಇಳಿದು ಕೂರಿಸಿದ. ಅಷ್ಟಾದರೂ ಆಯಿತು. ಅಕ್ಕ ಅಳಲೇ ಇಲ್ಲ ಅಂತ ನೀನು ಇಂದುಧರನ ಹತ್ತಿರ ಅಂದದ್ದು ಕೇಳಿಸಿತು. ಅವತ್ತು ನನಗೆ ಬೇರೆ ಕೆಲಸವಿತ್ತು ಕಣೇ. ನೀನು ಬಾಗಿಲ ಹತ್ತಿರ ಇದ್ದೆ, ನಿನಗೆ ಕಂಡಿರಲ್ಲ.

ಮೈ ತೊಳೆದು ಕೂರಿಸಿದ ಮೇಲೆ ಷಡಕ್ಷರಪ್ಪನವರು ಒಳಗೆ ಬಂದು ಕೈಮುಗಿದರು. ‘ತಾಯಿ, ಕರಡಿಗೆ ಮಾತ್ರ ಮಣ್ಣಿಗೆ ಕಳಿಸಬೇಡಿ. ಹೂವಿನಪ್ಪ ಒಬ್ಬನೇ ನಮಗೆ ಉಳಿದಿರೋದು. ಆ ಖಾಲಿ ಜಾಗದಾಗೆ ಗುಡಿ ಕಟ್ತೀವಿ, ಎಲ್ರೂ ಒಪ್ಪವ್ರೆ’ ಅಂದರು.

ಅದು ನನ್ನ ಸುಳ್ಳು ಅಂತ ಇನ್ನೊಂದು ಸಲ ಹೇಳಬಹುದಿತ್ತು. ಗಂಡ ಸತ್ತ ದಿನ ಹೆಂಗಸು ಏನೇನೋ ಅನ್ನುತ್ತಾಳೆ ಅನ್ನೋರು. ಗಂಡನಿಗೆ ಹೇಳಿದೆ, ನಕ್ಕರು. ಊರಿಗೆ ಹೇಳಿದೆ, ಗಾಳಿ ಹಾಕಿದರು. ನಂಬಿದವನು ಇಂದುಧರನೊಬ್ಬ, ಹಗ್ಗ ಹಿಡಿದ ಅವನ ಕೈಯೇ ಸೋತುಹೋಗಿತ್ತು. ‘ಆಗಲಿ’ ಅಂದೆ.

ಸ್ವಲ್ಪ ಹೊತ್ತು ಒಬ್ಬಳನ್ನೇ ಬಿಡಿ ಅಂತ ಎಲ್ಲರನ್ನೂ ಹೊರಗೆ ಕಳಿಸಿ, ಹೂವನ್ನ ತೆಗೆದು ಇವರ ಬಲಗೈಯ ಮುಷ್ಟಿಯೊಳಗೆ ಇಟ್ಟು ಬೆರಳು ಮಡಚಿದೆ. ಅದನ್ನ ಕಿತ್ಕೋಬೇಡ ಅಂದಿದ್ದರಲ್ಲ. ಕರಡಿಗೆ ಖಾಲಿ ಆಯಿತು. ಪಟದ ಮೇಲೆ ಹಿಂದಿನ ವಾರದ ಕಣಗಿಲೆ ಸರ ಒಣಗಿ ನೇತಾಡುತ್ತಿತ್ತು. ಅದರಿಂದ ಒಂದು ಹೂವು ಕಿತ್ತು ಕರಡಿಗೆಯೊಳಗೆ ಹಾಕಿ ಮುಚ್ಚಿದೆ.

ಮೊದಲನೇ ಸಲ ಕಲ್ಲೇಶ್ವರ ಉಳಿಸಿಕೊಳ್ಳುತ್ತಾನೆ ಅಂತ ಮಾಡಿದೆ. ಈ ಸಲ ಯಾವ ನಂಬಿಕೆಯೂ ಇರಲಿಲ್ಲ.

ಎಕ್ಕದ ಗಿಡ ಕಿತ್ತರು. ಶೀಟು ಹೊದಿಸಿ ಸಣ್ಣ ಗುಡಿ ಎದ್ದಿದೆ. ಬರೋ ಸೋಮವಾರ ಕರಡಿಗೆ ಒಳಗೆ ಹೋಗುತ್ತೆ. ಮೊದಲ ಎಡೆ ನನ್ನ ಕೈಯದೇ ಆಗಬೇಕಂತೆ. ಅನ್ನ ಬೇಯಿಸಿ ಕೊಡುತ್ತೀನಿ. ಒಳಗೆ ಮಾತ್ರ ಹೋಗಲ್ಲ.

ಇಂದುಧರ ಅಳೆಸಿದ ಜಾಗ ಅದು. ಅವನನ್ನ ಕರೆದುಕೊಂಡು ಬಾ. ಈಗ ಅವನನ್ನ ಯಾರೂ ಏನೂ ಅನ್ನಲ್ಲ, ಷಡಕ್ಷರಪ್ಪನವರೇ ಕರೆಯೋಕೆ ಹೇಳಿದ್ದಾರೆ. ಇಬ್ಬರೂ ಒಳಗೆ ಹೋಗಿ ಕೈಮುಗಿದು ಬನ್ನಿ.

ಚಪ್ಪಲಿ ನಾನು ಕಾಯುತ್ತೀನಿ.

ಸುಮಿತ್ರಮ್ಮ